ಘಟ್ಟದಿಂದ ಅಳಿವೆಯವರೆಗೆ: ಅಘನಾಶಿನಿ ಕಣಿವೆ ನೋಡಲು ಹೊರಟವರಿಗೆ

ಉತ್ತರ ಕನ್ನಡದ ಶಿರಸಿಯಲ್ಲಿ ಹುಟ್ಟಿ ಕುಮಟಾ ತಾಲ್ಲೂಕಿನ ತದಡಿಯ ಬಳಿ ಸಮುದ್ರ ಸೇರುವ ಅಘನಾಶಿನಿ ಹೊಳೆಯ ಉದ್ದ ನೂರಿಪ್ಪತ್ತು ಕಿಲೋಮೀಟರಿನ ಆಸುಪಾಸು. ಇಷ್ಟು ದೂರದಲ್ಲಿ ಒಂದೂ ದೊಡ್ಡ ಅಣೆಕಟ್ಟಿಲ್ಲ. ಘಟ್ಟದ ಮೇಲೆ ಅಡಿಕೆ ತೋಟ, ನಡುವೆ ಸಿಂಗಳೀಕಗಳ ದಟ್ಟ ಕಾಡು, ಕೆಳಗೆ ಒಡ್ಡು ಕಟ್ಟಿದ ಗಜನಿ ಗದ್ದೆ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಉಪ್ಪಿನಾಗರ, ಮೀನುಗಾರರ ಊರು, ಎಲ್ಲವನ್ನೂ ಮೂರು ದಿನದಲ್ಲಿ ನೋಡಿಬರಬಹುದು. ಆದರೆ ಮ್ಯಾಪ್ ಒಂದನ್ನೇ ನಂಬಿ ಹೊರಟರೆ ಅರ್ಧ ಕಣಿವೆ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿ ಏನು ಕಾಣುತ್ತದೆ ಎನ್ನುವುದನ್ನು ತೀರ್ಮಾನಿಸುವುದು ಮಳೆ ಮತ್ತು ಸಮುದ್ರದ ಭರತ-ಇಳಿತ. ಆದ್ದರಿಂದ ರಜೆ ಹಾಕುವ ಮೊದಲು ಕ್ಯಾಲೆಂಡರಿನಲ್ಲಿ ತಿಥಿ ನೋಡಿ.

ಕಾನೂನಿನ ವಿಷಯ ಮೊದಲು ಮುಗಿಸೋಣ. ಘಟ್ಟದ ಕಾಡನ್ನು 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. 2019ರಲ್ಲಿ ಅದನ್ನು ಶರಾವತಿ ಕಣಿವೆಯ ಅಭಯಾರಣ್ಯದ ಜೊತೆ ಸೇರಿಸಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಮಾಡಿದರು. ಕೆಳಗೆ ಹೊಳೆ ಸಮುದ್ರ ಕೂಡುವ ಅಳಿವೆ ಪ್ರದೇಶ, 4,801 ಹೆಕ್ಟೇರ್, 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಪ್ರವಾಸಿಗೆ ಇದರ ಅರ್ಥ ಸರಳ. ಡಾಂಬರು ರಸ್ತೆ, ಜಲಪಾತದ ನೋಟದ ಕಟ್ಟೆ, ಯಾಣದಂಥ ತೆರೆದ ತಾಣಗಳಿಗೆ ಟಿಕೆಟ್ ಸಾಕು. ರಸ್ತೆ ಬಿಟ್ಟು ಕಾಡೊಳಗೆ ಕಾಲಿಟ್ಟರೆ, ಚಾರಣ ಮಾಡಿದರೆ, ಡ್ರೋನ್ ಹಾರಿಸಿದರೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. "ಊರವರೇ ಕರೆದುಕೊಂಡು ಹೋಗುತ್ತಾರೆ" ಎಂಬ ಮಾತು ಅನುಮತಿಯಾಗುವುದಿಲ್ಲ, ಸಿಕ್ಕಿಬಿದ್ದರೆ ಪ್ರಕರಣ ಅವರ ಮೇಲೂ ಬೀಳುತ್ತದೆ.

ಯಾವ ತಿಂಗಳು

ಜೂನ್ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ಬರಬೇಡಿ ಎನ್ನುವುದೇ ನಮ್ಮ ಸಲಹೆ. ಜಲಪಾತ ತುಂಬಿರುತ್ತದೆ ನಿಜ, ಆದರೆ ಮಂಜು ಮುಸುಕಿ ಎದುರಿನ ಬಂಡೆಯೇ ಕಾಣದ ದಿನಗಳೇ ಹೆಚ್ಚು. ಅದಕ್ಕಿಂತ ಮುಖ್ಯವಾಗಿ ದಾರಿ ನಂಬುವಂತಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಜನರೂ ಲಾರಿಯೂ ಗಂಗಾವಳಿ ಹೊಳೆಯ ಪಾಲಾದದ್ದು ಇದೇ ಕಾಲದಲ್ಲಿ. ಶಿರಸಿ–ಕುಮಟಾ ನಡುವಿನ ದೇವಿಮನೆ ಘಟ್ಟದಲ್ಲೂ ಮಳೆಗಾಲದಲ್ಲಿ ಧರೆ ಜರಿಯುವುದು, ಸಂಚಾರ ನಿಲ್ಲಿಸುವುದು ಹೊಸದಲ್ಲ.

ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ ಹೊಳೆಯಲ್ಲಿ ನೀರಿರುತ್ತದೆ, ಆಕಾಶ ತಿಳಿಯಾಗುತ್ತದೆ, ಗಜನಿಯಲ್ಲಿ ಕಗ್ಗ ಭತ್ತ ಬಲಿತು ಕೊಯ್ಲಿಗೆ ಬರುತ್ತದೆ. ಒಮ್ಮೆ ಮಾತ್ರ ಬರುವವರು ಈ ಅವಧಿಯನ್ನೇ ಆರಿಸಿಕೊಳ್ಳಿ. ನವೆಂಬರಿನಿಂದ ಫೆಬ್ರವರಿ ಹಕ್ಕಿ ನೋಡುವವರಿಗೆ ಒಳ್ಳೆಯದು, ಅಡಿಕೆ ಕೊಯ್ಲೂ ಆಗಲೇ. ಜನವರಿ ದಾಟಿದರೆ ಶಿರಸಿ-ಸಿದ್ದಾಪುರದ ಹಳ್ಳಿಗಳಲ್ಲಿ ಆಲೆಮನೆ ಶುರು, ಕಬ್ಬಿನ ಹಾಲು, ಬಿಸಿ ಜೋನಿ ಬೆಲ್ಲ, ಅದರ ಜೊತೆಗೇ ಕಾಗದದಷ್ಟು ತೆಳುವಾದ ಸಿಹಿತಿಂಡಿ ತೊಡೆದೇವು. ಉಪ್ಪಿನಾಗರದ ಕೆಲಸ ನೋಡಬೇಕೆಂದರೆ ಮಾತ್ರ ಮಾರ್ಚ್–ಏಪ್ರಿಲ್‌ನ ಸೆಕೆ ಸಹಿಸಬೇಕು. ಆಗ ಕುಮಟಾದ ಹೆದ್ದಾರಿ ಬದಿಯಲ್ಲಿ ಸಿಹಿ ಈರುಳ್ಳಿಯ ಹೆಣೆದ ಗೊಂಚಲುಗಳು ತೂಗುತ್ತಿರುತ್ತವೆ, ಮೇ ಹೊತ್ತಿಗೆ ಅಂಕೋಲೆಯ ಕರಿ ಇಶಾಡ ಮಾವೂ ಬರುತ್ತದೆ.

ಬರುವ ದಾರಿ, ಬೇಕಾದ ಸಾಮಾನು

ಬೆಂಗಳೂರಿನಿಂದ ಎರಡು ಬಾಗಿಲು. ಮೇಲಿನಿಂದ ಇಳಿಯುವವರಿಗೆ ತಾಳಗುಪ್ಪದವರೆಗೆ ರೈಲಿದೆ, ಅಲ್ಲಿಂದ ಸಿದ್ದಾಪುರ ಹದಿನೈದು ಕಿ.ಮೀ., ಸಿದ್ದಾಪುರದಿಂದ ಶಿರಸಿ ಮೂವತ್ತೇಳು. ಕೆಳಗಿನಿಂದ ಹತ್ತುವವರಿಗೆ ರಾತ್ರಿ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಕುಮಟಾ ಮತ್ತು ಗೋಕರ್ಣ ರೋಡ್ ನಿಲ್ದಾಣಗಳಲ್ಲಿ ನಿಲ್ಲುತ್ತದೆ. ಮೇಲಿನಿಂದ ಕೆಳಗಿಳಿಯುವುದೇ ಲೇಸು. ಹೊಳೆಯ ಜೊತೆಗೇ ಸಾಗಿದಂತಾಗುತ್ತದೆ, ಮರಳಿ ಹೋಗಲು ಕುಮಟಾದಲ್ಲಿ ರೈಲು ಸಿಗುತ್ತದೆ.

ಶಿರಸಿ, ಸಿದ್ದಾಪುರ, ಕುಮಟಾ, ಗೋಕರ್ಣದ ನಡುವೆ ವಾಯವ್ಯ ಸಾರಿಗೆ ಬಸ್ಸು ಸಾಕಷ್ಟಿವೆ, ಶಕ್ತಿ ಯೋಜನೆಯಡಿ ರಾಜ್ಯದ ಹೆಣ್ಣುಮಕ್ಕಳಿಗೆ ಉಚಿತ. ತೊಂದರೆ ಬರುವುದು ಕೊನೆಯ ಹತ್ತು ಕಿಲೋಮೀಟರಿನಲ್ಲಿ. ಉಂಚಳ್ಳಿ, ಯಾಣ, ಗಜನಿ ಊರುಗಳಿಗೆ ದಿನಕ್ಕೆ ಬೆರಳೆಣಿಕೆಯ ಬಸ್ಸು. ಹೋಗುವಾಗಲೇ ಕಂಡಕ್ಟರರನ್ನು "ಈ ಬಸ್ಸು ವಾಪಸ್ ಎಷ್ಟು ಗಂಟೆಗೆ, ಕೊನೆಯದು ಯಾವುದು" ಎಂದು ಕೇಳಿ ಬರೆದಿಟ್ಟುಕೊಳ್ಳಿ. ಸ್ವಂತ ವಾಹನವಿಲ್ಲದವರು ಶಿರಸಿಯಲ್ಲೋ ಕುಮಟಾದಲ್ಲೋ ದಿನದ ಬಾಡಿಗೆಗೆ ಗಾಡಿ ಮಾಡಿಕೊಳ್ಳುವುದು ಒಳ್ಳೆಯದು.

ಪೆಟ್ರೋಲನ್ನು ಪಟ್ಟಣದಲ್ಲೇ ತುಂಬಿಸಿ. ಘಟ್ಟದ ಊರುಗಳಲ್ಲಿ ಮೊಬೈಲ್ ಸಿಗ್ನಲ್ ಬರುತ್ತದೆ, ಹೋಗುತ್ತದೆ. ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿ, ಸಾವಿರ-ಎರಡು ಸಾವಿರದಷ್ಟು ಚಿಲ್ಲರೆ ನೋಟು ಇಟ್ಟುಕೊಳ್ಳಿ. ಮ್ಯಾಪ್ ಮಾಡುವ ಮುಖ್ಯ ಎಡವಟ್ಟೆಂದರೆ ಹತ್ತಿರದ ದಾರಿ ಎಂದು ತೋಟದ ಮಣ್ಣುದಾರಿಗೋ, ಸೇತುವೆಯಿಲ್ಲದ ಹಳ್ಳಕ್ಕೋ ತಂದು ನಿಲ್ಲಿಸುವುದು. ಡಾಂಬರು ಮುಗಿದ ಕಡೆ ಗಾಡಿ ನಿಲ್ಲಿಸಿ ಮೊದಲು ಕಂಡವರನ್ನು ಕೇಳಿ. ಅಡಿಕೆ ತೋಟದ ದಾರಿಯಲ್ಲಿ ಕಾರು ತಿರುಗಿಸಲು ಜಾಗವೂ ಇರುವುದಿಲ್ಲ.

ಘಟ್ಟದ ಮೇಲೆ

ಶಿರಸಿ ಪೇಟೆಯೊಳಗಿನ ಶಂಕರಹೊಂಡ ಹೊಳೆಯ ಒಂದು ಮೂಲ. ಇನ್ನೊಂದು ಕವಲು ಮಂಜುಗುಣಿಯ ಕಡೆಯಿಂದ ಬರುತ್ತದೆ. ಎರಡೂ ಮುತ್ತಳ್ಳಿ ಬಳಿ ಕೂಡುತ್ತವೆ. ಶಂಕರಹೊಂಡಕ್ಕೆ ಹತ್ತು ನಿಮಿಷ ಸಾಕು. ಮಂಜುಗುಣಿಯ ವೆಂಕಟರಮಣ ದೇವಸ್ಥಾನಕ್ಕೆ ಅರ್ಧ ದಿನ ಕೊಡುವುದಾದರೆ ಬೆಳಗಿನ ಪೂಜೆಯ ಹೊತ್ತಿಗೆ ಹೋಗಿ.

ಉಂಚಳ್ಳಿ ಜಲಪಾತ ಸಿದ್ದಾಪುರ ತಾಲ್ಲೂಕಿನ ಹೆಗ್ಗರಣಿಯಿಂದ ಐದು ಕಿ.ಮೀ. ಒಳಗಿದೆ, ಶಿರಸಿಯಿಂದ ಮೂವತ್ತೈದರ ಆಸುಪಾಸು. ಹೊಳೆ ಇಲ್ಲಿ 116 ಮೀಟರ್ ಧುಮುಕುತ್ತದೆ. 1845ರಲ್ಲಿ ಇದನ್ನು ದಾಖಲಿಸಿದ ಜಿಲ್ಲಾ ಕಲೆಕ್ಟರ್ ಲಷಿಂಗ್ಟನ್ ಹೆಸರೂ ಇದಕ್ಕಿದೆ. ಊರವರು ಕೆಪ್ಪ ಜೋಗ ಎನ್ನುತ್ತಾರೆ. ಗಾಡಿ ನಿಲ್ಲಿಸಿದಲ್ಲಿಂದ ನಡೆದು, ಮೆಟ್ಟಿಲಿಳಿದು ನೋಟದ ಕಟ್ಟೆಗೆ ಹೋಗಬೇಕು. ಬಿಸಿಲು ಜಲಪಾತದ ಮೇಲೆ ಬಿದ್ದ ಮೇಲೆ, ಅಂದರೆ ಹತ್ತು ಗಂಟೆಯ ನಂತರ, ನೋಟ ತೆರೆಯುತ್ತದೆ. ಸಂಜೆಗೆ ಮುಂಚೆ ಗೇಟ್ ಮುಚ್ಚುವುದರಿಂದ ಮಧ್ಯಾಹ್ನ ಮೂರರೊಳಗೆ ತಲುಪಿ. ಬುಡಕ್ಕೆ ಇಳಿಯಲು ಕಡಿದಾದ ಜಾಡು ಕಾಣುತ್ತದೆ, ಇಳಿಯಬೇಡಿ. ಪಾಚಿ ಹಿಡಿದ ಕಲ್ಲು ಒಣಗಿದಂತೆ ಕಂಡರೂ ಮೆಟ್ಟಿದಾಕ್ಷಣ ಜಾರುತ್ತದೆ, ಜಾರಿದವರನ್ನು ಮೇಲೆ ತರಲು ಆರೇಳು ಗಂಟೆ ಹಿಡಿಯುವ ಜಾಗ ಅದು.

ಹೊಳೆಯಲ್ಲಿ ಈಜುವ ಆಸೆ ಇದ್ದವರಿಗೆ ಒಂದು ಮಾತು. ಮೇಲೆ ಅಣೆಕಟ್ಟಿಲ್ಲ ಎಂದರೆ ನೀರು ಬಿಡುವ ಮುನ್ನ ಕೂಗುವ ಸೈರನ್ನೂ ಇಲ್ಲ. ಶಿರಸಿ ಕಡೆ ಗುಡುಗು ಮಳೆ ಹೊಡೆದರೆ ಕೆಳಗೆ ಬಿಸಿಲಿದ್ದಾಗಲೇ ಹೊಳೆ ಏರುತ್ತದೆ. ನೀರಿನ ಬಣ್ಣ ಕೆಂಪಾಗತೊಡಗಿದರೆ, ಎಲೆ-ಕಡ್ಡಿ ತೇಲಿ ಬರಲು ಶುರುವಾದರೆ, ಬಟ್ಟೆ ಹುಡುಕುತ್ತ ನಿಲ್ಲದೆ ದಡ ಹತ್ತಿ.

ಅಡಿಕೆ ತೋಟಗಳ ಸುತ್ತ ಕಾಣುವ, ಕೊಂಬೆ ಕಡಿದು ಕಡಿದು ಗಿಡ್ಡವಾದ ಮರಗಳ ಕಾಡಿಗೆ ಸೊಪ್ಪಿನ ಬೆಟ್ಟ ಎನ್ನುತ್ತಾರೆ. ತೋಟಕ್ಕೆ ಗೊಬ್ಬರದ ಸೊಪ್ಪು, ಮುಚ್ಚಿಗೆಯ ದರಕು, ಅಂದರೆ ಒಣಗಿದ ಎಲೆ, ಬರುವುದು ಅಲ್ಲಿಂದ. ಬ್ರಿಟಿಷರ ಕಾಲದಲ್ಲೇ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟಿದ್ದರು. ಹಾಗಾಗಿ ಅದು ಕಡಿದು ಹಾಳಾದ ಕಾಡಲ್ಲ, ಬಳಕೆಯ ಕಾಡು. ನವೆಂಬರ್ ನಂತರ ತೋಟಕ್ಕೆ ಹೋದರೆ ಅಡಿಕೆ ಕೊಯ್ಯುವ ಕೊನೆಗೌಡರು ಮರದಿಂದ ಮರಕ್ಕೆ ದಾಟುತ್ತ ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ಯುವುದು ನೋಡಬಹುದು. ಕೊಯ್ದ ಕೊನೆ ಹಗ್ಗದ ಮೇಲೆ ಜಾರಿ ಕೆಳಗಿನವನ ಕೈಗೆ ಬರುತ್ತದೆ. ಆ ಹಗ್ಗದ ನೇರಕ್ಕಾಗಲಿ, ಅವರು ಹತ್ತಿದ ಮರದ ಬುಡಕ್ಕಾಗಲಿ ನಿಲ್ಲಬಾರದು. ಹತ್ತಾರು ಕಿಲೋ ತೂಗುವ ಕೊನೆ ಕೈತಪ್ಪಿದರೆ ತಲೆ ಉಳಿಯುವುದಿಲ್ಲ.

ಇಲ್ಲಿಯ ಹೋಮ್‌ಸ್ಟೇಗಳಲ್ಲಿ ಬಹುಪಾಲು ಹವ್ಯಕರ ಮನೆಗಳು. ಊಟ ಸಸ್ಯಾಹಾರ. ಮಾಂಸ, ಮದ್ಯ ಹೊತ್ತು ತಂದು ಮುಜುಗರ ಮಾಡಬೇಡಿ. ಎಷ್ಟು ಜನ ಎಂದು ಹಿಂದಿನ ದಿನವೇ ಹೇಳಿ. ಕೇಳಿ ಮಾಡಿಸಿಕೊಳ್ಳಬೇಕಾದವು ಅಪ್ಪೆಹುಳಿ ಮತ್ತು ತಂಬುಳಿ. ಅಪ್ಪೆಮಿಡಿ ಈ ಹೊಳೆದಡದ ಕಾಡುಮಾವು, ಉಪ್ಪಿನಕಾಯಿಗೆ ಕೊಳ್ಳುವವರು ಮಿಡಿಯ ಕಾಲದಲ್ಲಿ, ಅಂದರೆ ಫೆಬ್ರವರಿ–ಮಾರ್ಚ್‌ನಲ್ಲಿ, ಶಿರಸಿ ಪೇಟೆಯಲ್ಲಿ ವಿಚಾರಿಸಿ. ತೊಟ್ಟು ಮುರಿದಾಗ ಸೊನೆ ಚಿಮ್ಮಿ, ಜೀರಿಗೆಯದೋ ಕರ್ಪೂರದ್ದೋ ಪರಿಮಳ ಬಂದರೆ ಆ ಮಿಡಿ ಸೈ. ತೊಟ್ಟಿಲ್ಲದೆ ಉದುರಿಸಿ ತಂದ ಮಿಡಿ ಭರಣಿಯಲ್ಲಿ ಮೆತ್ತಗಾಗುತ್ತದೆ, ಎಷ್ಟು ಅಗ್ಗವಾದರೂ ಬೇಡ.

ಸಿಂಗಳೀಕ ಕಂಡರೆ ಅದೃಷ್ಟ. ಅದು ನೆಲಕ್ಕಿಳಿಯುವುದು ಅಪರೂಪ, ಎತ್ತರದ ಮರಗಳ ಮೇಲೆಯೇ ಓಡಾಟ. ರಸ್ತೆಬದಿಯಲ್ಲಿ ಕೈಚಾಚುವವು ಸಾಮಾನ್ಯ ಮಂಗಗಳು. ಯಾವುದಕ್ಕೂ ತಿನ್ನಲು ಕೊಡಬೇಡಿ. ತಿಂಡಿಗೆ ರಸ್ತೆಗಿಳಿಯಲು ಕಲಿತ ಮಂಗ ಚಕ್ರದಡಿ ಸಾಯುತ್ತದೆ.

ಯಾಣ ಮತ್ತು ಇಳಿಜಾರು

ಯಾಣದ ಎರಡು ಕರಿಬಂಡೆಗಳಲ್ಲಿ ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಸುಣ್ಣಕಲ್ಲಿನ ಈ ಬಂಡೆಗಳ ಬುಡದಲ್ಲಿ ಹುಟ್ಟುವ ಚಂಡಿಹೊಳೆ ಉಪ್ಪಿನಪಟ್ಟಣದ ಬಳಿ ಅಘನಾಶಿನಿ ಸೇರುತ್ತದೆ. ಬೆಳಿಗ್ಗೆ ಬೇಗ ಹೋಗಿ, ಶನಿವಾರ-ಭಾನುವಾರ ಬೇಡ. ಬಂಡೆಯ ಮೇಲೆ ಹೆಜ್ಜೇನು ಗೂಡು ಕಟ್ಟಿರುತ್ತವೆ. ಸಿಗರೇಟು, ಊದುಬತ್ತಿ, ಗಾಢ ಸೆಂಟು, ಕೇಕೆ, ಸೀಟಿ ಯಾವುದೂ ಬೇಡ. ಹುಳ ಎದ್ದರೆ ಕೈಬೀಸಿ ಹೊಡೆಯಬೇಡಿ, ಮುಖ ಮುಚ್ಚಿಕೊಂಡು ಬಂದ ದಾರಿಯಲ್ಲೇ ಓಡಿ. ಗುಹೆಯ ಸುತ್ತು ಬರುವಾಗ ಚಪ್ಪಲಿ ಬಿಚ್ಚಬೇಕು, ಅಲ್ಲಿ ಕಲ್ಲು ಚೂಪಾಗಿದೆ, ಮಕ್ಕಳಿಗೆ ದಪ್ಪ ಕಾಲುಚೀಲ ಹಾಕಿಸಿ. ಶಿವರಾತ್ರಿಗೆ ಜಾತ್ರೆ, ಆಗ ಬಂಡೆಗಿಂತ ಜನವೇ ಹೆಚ್ಚು ಕಾಣುತ್ತಾರೆ.

ಘಟ್ಟ ಇಳಿಯಲು ದೇವಿಮನೆ ಒಂದು ದಾರಿ, ಸಿದ್ದಾಪುರದಿಂದ ಸಂತೆಗುಳಿಗೆ ಇಳಿಯುವ ದೊಡ್ಮನೆ ಘಟ್ಟ ಇನ್ನೊಂದು. ದೊಡ್ಮನೆ ದಾರಿ ಕಿರಿದು, ತಿರುವು ಹೆಚ್ಚು, ಆದರೆ ಕಣಿವೆ ಕಾಣುವುದು ಅಲ್ಲೇ. ಎರಡರಲ್ಲೂ ಇಳಿಯುವಾಗ ಎರಡನೇ ಗೇರಿನಲ್ಲಿ ಇಳಿಯಿರಿ. ಬ್ರೇಕಿನ ಮೇಲೇ ಕಾಲಿಟ್ಟು ಇಳಿದರೆ ಬ್ರೇಕ್ ಕಾದು ಹಿಡಿತ ಬಿಡುತ್ತದೆ. ಕತ್ತಲಾದ ಮೇಲೆ ಇಳಿಯಬೇಡಿ. ಹೊರಡುವ ಮುಂಚೆ ರಸ್ತೆ ತೆರೆದಿದೆಯೇ ಎಂದು ಬಸ್ ನಿಲ್ದಾಣದಲ್ಲಿ ಕೇಳಿ, ಚಾಲಕರಿಗಿಂತ ಸರಿಯಾಗಿ ಹೇಳುವವರಿಲ್ಲ.

ಉಂಬಳ ಮತ್ತು ಉಣ್ಣೆ

ಮಳೆಗಾಲದಿಂದ ನವೆಂಬರಿನವರೆಗೆ ಉಂಬಳದ, ಅಂದರೆ ಕಾಡಿನ ಜಿಗಣೆಯ, ಕಾಟ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ಸುಣ್ಣ ಬೆರೆಸಿದ ಹೊಗೆಸೊಪ್ಪಿನ ಪುಡಿಯನ್ನೋ ಉಪ್ಪನ್ನೋ ಬಟ್ಟೆಗಂಟಿನಲ್ಲಿ ಕಟ್ಟಿ ಇಟ್ಟುಕೊಂಡು ಹತ್ತಿದ್ದಕ್ಕೆ ಮುಟ್ಟಿಸಿದರೆ ಬಿಡುತ್ತದೆ. ಎಳೆದು ಕಿತ್ತರೆ ಗಾಯ ದಿನಗಟ್ಟಲೆ ತುರಿಸುತ್ತದೆ. ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಗಾಬರಿ ಬೇಡ.

ಗಾಬರಿ ಪಡಬೇಕಾದದ್ದು ಉಣ್ಣೆಗೆ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣಿ ಹುಳಕ್ಕೆ. ಡಿಸೆಂಬರಿನಿಂದ ಮೇವರೆಗೆ ಒಣಗಿದ ಕಾಡಿನಲ್ಲಿ ಇವು ಮಂಗನ ಕಾಯಿಲೆ ಹರಡುತ್ತವೆ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಈ ಕಾಯಿಲೆ ಸಿದ್ದಾಪುರ ತಾಲ್ಲೂಕಿನಲ್ಲಿ ಈಚಿನ ವರ್ಷಗಳಲ್ಲೂ ಜೀವ ತೆಗೆದಿದೆ. ದರಕಿನ ಮೇಲೆ ಕೂರುವುದು, ಕಾಡಂಚಿನಲ್ಲಿ ಚಾಪೆ ಹಾಸಿ ಊಟ ಮಾಡುವುದು ಬೇಡ. ತುಂಬು ತೋಳು, ತಿಳಿ ಬಣ್ಣದ ಬಟ್ಟೆ, ಬಯಲಾದ ಮೈಗೆ ಉಣ್ಣೆ ಹತ್ತದಂತೆ ಹಚ್ಚುವ ಡೀಪಾ ಎಣ್ಣೆ. ಎಣ್ಣೆಗೆ ಸಿದ್ದಾಪುರದ ಆರೋಗ್ಯ ಕೇಂದ್ರಗಳಲ್ಲಿ ಕೇಳಿ ನೋಡಿ. ರೂಮಿಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸ್ನಾನ ಮಾಡುತ್ತ ಕಂಕುಳು, ತೊಡೆಸಂದು, ಕಿವಿಯ ಹಿಂದೆ ಹುಡುಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಿ. ಸತ್ತ ಮಂಗದ ಮೈಬಿಟ್ಟ ಉಣ್ಣೆ ಸುತ್ತಲಿನ ನೆಲದಲ್ಲೇ ಇರುತ್ತದೆ.

ತಿಥಿ ನೋಡಿ ಭರತ ಲೆಕ್ಕ ಹಾಕುವುದು

ಕೆಳಗಿನ ಹಿನ್ನೀರಿಗೆ ದಿನಕ್ಕೆ ಎರಡು ಭರತ, ಎರಡು ಇಳಿತ. ಉಪ್ಪುನೀರು ಸುಮಾರು ಇಪ್ಪತ್ತೈದು ಕಿ.ಮೀ. ಮೇಲೆ, ಉಪ್ಪಿನಪಟ್ಟಣದವರೆಗೆ ಏರುತ್ತದೆ. ಒಂದೇ ಜಾಗಕ್ಕೆ ಬೆಳಿಗ್ಗೆ ಹೋದವರು ಕೆಸರು ಬಯಲು ಕಂಡರೆ ಮಧ್ಯಾಹ್ನ ಹೋದವರು ಕೆರೆಯಂಥ ನೀರು ಕಾಣುತ್ತಾರೆ. ಅಂತರ್ಜಾಲದಲ್ಲಿ ಕಾರವಾರದ ಉಬ್ಬರವಿಳಿತದ ಪಟ್ಟಿ ಸಿಗುತ್ತದೆ. ಪಟ್ಟಿ ಇಲ್ಲದಿದ್ದರೆ ಪಂಚಾಂಗವೂ ಸಾಕು.

ಅಮಾವಾಸ್ಯೆ, ಹುಣ್ಣಿಮೆಯಂದು ತುಂಬು ಭರತ ಬೆಳಿಗ್ಗೆ 11ರ ಆಸುಪಾಸು, ಮತ್ತೆ ರಾತ್ರಿ ಅದೇ ಹೊತ್ತಿಗೆ. ಇಳಿತ ಅದಕ್ಕೆ ಆರು ಗಂಟೆ ಆಚೀಚೆ, ಅಂದರೆ ಸಂಜೆ 5ರ ಹತ್ತಿರ. ದಿನ ಕಳೆದಂತೆ ಎಲ್ಲವೂ ಸುಮಾರು 50 ನಿಮಿಷ ತಡವಾಗುತ್ತವೆ. ಪಂಚಮಿಗೆ ಭರತ ಮೂರು ಗಂಟೆಗೆ ಬಂದರೆ, ಅಷ್ಟಮಿಯ ಹೊತ್ತಿಗೆ ಸಂಜೆಗೆ ಸರಿದು ಇಳಿತ ನಡುಹಗಲಿಗೆ ಬರುತ್ತದೆ. ಆದರೆ ಅಷ್ಟಮಿಯ ಇಳಿತ ಮಂದ. ಹುಣ್ಣಿಮೆ-ಅಮಾವಾಸ್ಯೆಗೆ ನೀರಿನ ಏರಿಳಿತ ಎರಡು ಮೀಟರಿನ ಹತ್ತಿರ ಹೋದರೆ, ಅಷ್ಟಮಿಗೆ ಅದರ ಅರ್ಧವೂ ಇರದ ದಿನಗಳಿವೆ. ಅಳಿವೆಯ ಬಾಯಿಗಿಂತ ಒಳಗಿನ ಊರುಗಳಲ್ಲಿ ನೀರು ತಡವಾಗಿ ತಿರುಗುತ್ತದೆ ಎನ್ನುವುದನ್ನೂ ಸೇರಿಸಿಕೊಳ್ಳಿ.

ಹೀಗಾಗಿ ಕೆಸರಿನಲ್ಲಿ ಸಿಗುವ, ಅಡುಗೆಗೆ ಬಳಸುವ ಚಿಪ್ಪಿಕಲ್ಲು ಹೆಕ್ಕುವುದು, ಕೆಸರಿನ ಹಕ್ಕಿಗಳು ಬೇಕಾದವರು ಹುಣ್ಣಿಮೆ ಅಥವಾ ಅಮಾವಾಸ್ಯೆಯ ಮಾರನೆಯ ದಿನ ಮಧ್ಯಾಹ್ನ ಮೂರರಿಂದ ಸಂಜೆವರೆಗಿನ ಹೊತ್ತನ್ನು ಇಡಿ. ದೋಣಿಯಲ್ಲಿ ಕಾಂಡ್ಲಾ ನಡುವಿನ ಕಾಲುವೆಗಳಿಗೆ ಹೋಗುವವರು ಅದೇ ದಿನ ಬೆಳಿಗ್ಗೆ ಹತ್ತಕ್ಕೆ ಹೊರಟು, ನೀರು ಇಳಿಯುವ ಮುನ್ನ, ಒಂದೂವರೆಯೊಳಗೆ ಹಿಂದಿರುಗಿ. ತಡ ಮಾಡಿದರೆ ದೋಣಿ ಕೆಸರಿನಲ್ಲಿ ಕೂರುತ್ತದೆ, ಮುಂದಿನ ಭರತಕ್ಕೆ ಕಾಯಬೇಕು. ಕೆಸರಿಗೆ ನೀವಾಗಿಯೇ ಇಳಿಯಬೇಡಿ. ಮೊಣಕಾಲವರೆಗೆ ಹೂತ ಕಾಲು ಎಳೆದುಕೊಳ್ಳುವಷ್ಟರಲ್ಲಿ ಸಿಂಪಿಯ ಅಲುಗು ಪಾದ ಸೀಳಿರುತ್ತದೆ.

ಗಜನಿ, ಚಿಪ್ಪಿ, ಉಪ್ಪು

ಕುಮಟಾದಿಂದ ಹೆಗಡೆ, ಮಾಣಿಕಟ್ಟಾ, ಮಾಸೂರು ಕಡೆ ಹೋದರೆ ಒಡ್ಡು ಕಟ್ಟಿದ ವಿಶಾಲ ಗದ್ದೆಬಯಲು ಸಿಗುತ್ತದೆ. ಅದೇ ಗಜನಿ. ನಡುವೆ ನೀರಿನಿಂದ ಸುತ್ತುವರಿದ ಐಗಳಕುರ್ವೆಯಂಥ ಕುರ್ವೆಗಳೂ ಇವೆ. ಒಡ್ಡಿನ ತೂಬುಗಳಿಗೆ ಮರದ ಹಲಗೆಯ ಬಾಗಿಲು. ಜೂನ್ ಮಳೆ ಮಣ್ಣಿನ ಉಪ್ಪು ತೊಳೆದ ಮೇಲೆ ಮೊಳಕೆ ಬರಿಸಿದ ಕಗ್ಗ ಬೀಜ ಎರಚುತ್ತಾರೆ. ಗೊಬ್ಬರವಿಲ್ಲ, ಔಷಧವಿಲ್ಲ. ಉಪ್ಪನ್ನೂ, ದಿನಗಟ್ಟಲೆ ನಿಂತ ನೆರೆಯನ್ನೂ ತಾಳುವ ಎತ್ತರದ ತಳಿ. ಅಕ್ಟೋಬರಿನಲ್ಲಿ ಸೊಂಟಮಟ್ಟದ ನೀರಿನಲ್ಲಿ ನಿಂತು ತೆನೆಯನ್ನಷ್ಟೇ ಕೊಯ್ದು ದೋಣಿಗೆ ತುಂಬುತ್ತಾರೆ, ಹುಲ್ಲನ್ನು ಅಲ್ಲೇ ಬಿಡುತ್ತಾರೆ. ಹುಲ್ಲು ಕೊಳೆತು ಮುಂದೆ ಮೀನು-ಸಿಗಡಿಗೆ ಮೇವು. ಕೊಯ್ಲು ಮುಗಿದ ಗಜನಿಗೆ ಭರತದಲ್ಲಿ ಬಾಗಿಲು ತೆಗೆದು ಮರಿ ಸಮೇತ ನೀರು ಬಿಟ್ಟುಕೊಳ್ಳುತ್ತಾರೆ, ಇಳಿತದಲ್ಲಿ ಬಾಗಿಲಿಗೆ ಬಲೆ ಒಡ್ಡುತ್ತಾರೆ. ಒಡ್ಡು ಒಡೆದರೆ ಒಂದು ಮನೆಯ ಗದ್ದೆಯಲ್ಲ, ಇಡೀ ಬಯಲೇ ಉಪ್ಪುನೀರಿಗೆ ಹೋಗುತ್ತದೆ. ಒಡ್ಡಿನ ನಿಗಾ ಊರೊಟ್ಟಿನ ಕೆಲಸವಾಗಿರುವುದು ಅದಕ್ಕೇ.

ಅದೇ ಕಾರಣಕ್ಕೆ ಒಡ್ಡಿನ ಮೇಲೆ ಬೈಕ್ ಓಡಿಸಬಾರದು. ಚಕ್ರದ ಗೆರೆಯಲ್ಲಿ ಮಳೆನೀರು ಹರಿದು ಮಣ್ಣು ಸೀಳುತ್ತದೆ. ಫೋಟೋಗಾಗಿ ತೂಬಿನ ಹಲಗೆ ಎತ್ತುವುದು ಬೇಡವೇ ಬೇಡ, ಬಲೆಯ ಮುಂದೆ ನೀರಿಗಿಳಿಯುವುದೂ ಬೇಡ. ಕಗ್ಗದ ಅಕ್ಕಿ ಕೊಳ್ಳಲು ಸಿಕ್ಕರೆ ಐದು ಕಿಲೋದಷ್ಟು ಒಯ್ಯಿರಿ. ಕೆಂಪಕ್ಕಿ, ಗಂಜಿಗೆ ಹೇಳಿಸಿದ್ದು. ರಾತ್ರಿ ನೆನೆಸಿ, ಸೋನಾ ಮಸೂರಿಗಿಂತ ಹೆಚ್ಚು ನೀರಿಟ್ಟು ಬೇಯಿಸಿ.

ಚಿಪ್ಪಿಕಲ್ಲಿನಲ್ಲಿ ಬೆಳಚು ಹೆಚ್ಚು ಮಾರಾಟವಾಗುವುದು. ಅಳಿವೆಯ ಮೇಲೆ ಆರು ಸಾವಿರಕ್ಕೂ ಹೆಚ್ಚು ಕುಟುಂಬಗಳ ಬದುಕು ನಿಂತಿದೆ. ಬೆಳಚು ಹೆಕ್ಕುವವರಲ್ಲಿ ಹೆಂಗಸರೇ ಬಹಳ. ನೀವು ಹೆಕ್ಕಬೇಡಿ, ಅವರಿಂದ ಕೊಳ್ಳಿ. ಫೋಟೋ ತೆಗೆಯುವ ಮುನ್ನ "ಅಕ್ಕ, ಒಂದು ಫೋಟೋ ತೆಗೀಲಾ?" ಎಂದು ಕೇಳಿ. ಬೇಡ ಎಂದರೆ ಅಲ್ಲಿಗೇ ಬಿಡಿ. ಮನೆಯಲ್ಲಿ ಅಡುಗೆಗೆ: ಲೀಟರಿಗೆ 30 ಗ್ರಾಂ ಉಪ್ಪು ಹಾಕಿದ ನೀರಿನಲ್ಲಿ ಎರಡು-ಮೂರು ಗಂಟೆ ಮಬ್ಬು ಬೆಳಕಲ್ಲಿ ಬಿಟ್ಟರೆ ಮರಳು ಉಗುಳುತ್ತದೆ. ಸಪ್ಪೆ ನೀರಿನಲ್ಲಿಟ್ಟರೆ ಸಾಯುತ್ತದೆ, ಮರಳು ಒಳಗೇ ಉಳಿಯುತ್ತದೆ. ಬಾಯಿ ತೆರೆದದ್ದನ್ನು ಬೆರಳಲ್ಲಿ ಕುಟ್ಟಿ, ಮುಚ್ಚದಿದ್ದರೆ ಎಸೆಯಿರಿ. ಕುದಿಸಿದ ಮೇಲೂ ತೆರೆಯದಿದ್ದದ್ದನ್ನೂ ಎಸೆಯಿರಿ. ಬುಟ್ಟಿಯಲ್ಲಿ ಮುಕ್ಕಾಲು ಪಾಲು ಬೆರಳುಗುರಿನಷ್ಟೇ ಸಣ್ಣ ಮರಿಗಳಿದ್ದರೆ ಕೊಳ್ಳದಿರುವುದೇ ಒಳ್ಳೆಯದು.

ಗೋಕರ್ಣದ ಹತ್ತಿರದ ಸಾಣಿಕಟ್ಟಾದಲ್ಲಿ ಉಪ್ಪಿನಾಗರಗಳಿವೆ. ಭರತದ ನೀರನ್ನು ಹಿಡಿದು ಒಂದರಿಂದ ಒಂದಕ್ಕೆ ಹಾಯಿಸುತ್ತ ಬಿಸಿಲಿಗೆ ಗಟ್ಟಿಯಾಗಿಸಿ, ಕೊನೆಯ ಪಾತಿಯಲ್ಲಿ ಹರಳು ಕೂತ ಮೇಲೆ ಮರದ ಹಲಗೆಯಿಂದ ಎಳೆದು ಬದಿಗೆ ರಾಶಿ ಮಾಡುತ್ತಾರೆ. ಪಾತಿಯ ತಳ ಮೆಟ್ಟಿ ನಯ ಮಾಡಿದ ಜೇಡಿ. ಒಂದು ಚಪ್ಪಲಿ ಹೆಜ್ಜೆ ಬಿದ್ದರೂ ಆ ಗುಳಿಯ ಮಣ್ಣು ಉಪ್ಪಿಗೆ ಬೆರೆತು ಬಣ್ಣ ಕೆಡುತ್ತದೆ. ಬದುವಿನ ಮೇಲೆ ಮಾತ್ರ ನಡೆಯಿರಿ, ಅದೂ ಕೆಲಸದವರನ್ನು ಕೇಳಿ. ಬೆಳಿಗ್ಗೆ ಎಂಟರೊಳಗೆ ಹೋಗಿ, ಹತ್ತರ ನಂತರ ಬಿಳುಪಿನ ಮೇಲಿನ ಬಿಸಿಲು ಕಣ್ಣು ಕುಕ್ಕುತ್ತದೆ. ಅಕಾಲ ಮಳೆ ಬಂದ ಮರುದಿನ ಹೋದರೆ ಬರಿ ಕೆಸರುನೀರು.

ತದಡಿ ದಾಟುವುದು ಮತ್ತು ಸಮುದ್ರ

ಕುಮಟಾದಿಂದ ಬಾಡ, ಕಾಗಾಲ ದಾಟಿ ಅಘನಾಶಿನಿ ಊರಿಗೆ ಹತ್ತು-ಹನ್ನೆರಡು ಕಿ.ಮೀ. ಅಲ್ಲಿಂದ ಎದುರಿನ ತದಡಿಗೆ ಯಂತ್ರದ ದೋಣಿ ಜನರನ್ನೂ ಬೈಕನ್ನೂ ದಾಟಿಸುತ್ತದೆ, ಕಾರನ್ನಲ್ಲ. ಕಾರಿನವರು ಕುಮಟಾ, ದೀವಗಿ, ಮಿರ್ಜಾನ್ ಸುತ್ತಿ ನಲವತ್ತು ಕಿ.ಮೀ. ಮೇಲೆ ಓಡಿಸಬೇಕು. ಅದಕ್ಕೊಂದು ಉಪಾಯವಿದೆ. ಕಾರನ್ನು ಅಘನಾಶಿನಿಯಲ್ಲೇ ಬಿಟ್ಟು ದೋಣಿಯಲ್ಲಿ ಹೋಗಿ ತದಡಿ ಬಂದರು ನೋಡಿ ಮರಳಿ ಬನ್ನಿ. ಬೈಕನ್ನು ಹತ್ತಿಸುವಾಗ ಗೇರಿನಲ್ಲಿ ನಿಲ್ಲಿಸಿ, ಸೈಡ್ ಸ್ಟ್ಯಾಂಡ್ ಒಂದನ್ನೇ ನಂಬದೆ ಕೈಯಲ್ಲಿ ಹಿಡಿದಿರಿ. ಸಂಜೆಯ ಕೊನೆಯ ದೋಣಿ ಎಷ್ಟು ಗಂಟೆಗೆಂದು ಹೋಗುವಾಗಲೇ ಕೇಳಿ. ಜೂನ್-ಜುಲೈನಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಆಗ ಬಂದರು ನೋಡುವಂಥದ್ದೇನೂ ಇರುವುದಿಲ್ಲ.

ಕಾರಿನಲ್ಲಿ ಸುತ್ತುವವರಿಗೆ ಮಿರ್ಜಾನ್ ಕೋಟೆ ದಾರಿಯಲ್ಲೇ, ಹೆದ್ದಾರಿಯಿಂದ ಅರ್ಧ ಕಿ.ಮೀ. ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನ ಜೊತೆ ಸೇರಿಕೊಂಡ ಕೆಂಪು ಮುರಕಲ್ಲಿನ ಕೋಟೆ. ಕಾಳುಮೆಣಸು ಇದೇ ಹೊಳೆಯ ಮೇಲೆ ಸಮುದ್ರಕ್ಕೆ ಹೋಗುತ್ತಿತ್ತು. ಒಂದು ಗಂಟೆ ಸಾಕು. ಮಳೆ ನಿಂತ ಹೊಸದರಲ್ಲಿ ಗೋಡೆಯ ಮೇಲೆ ಪಾಚಿ ಹಸಿರು, ಜಾರುತ್ತದೆ.

ಅಳಿವೆಯ ಬಾಯಲ್ಲಿ ಎಂದೂ ಈಜಬೇಡಿ. ಇಳಿತದಲ್ಲಿ ಇಡೀ ಹಿನ್ನೀರು ಕಿರಿದಾದ ಬಾಯಿಯಿಂದ ಹೊರಗೆ ನುಗ್ಗುತ್ತದೆ, ಒಳ್ಳೆಯ ಈಜುಗಾರನನ್ನೂ ಕಡಲಿಗೆ ಒಯ್ಯುತ್ತದೆ. ಗೋಕರ್ಣದ ಓಂ, ಕುಡ್ಲೆ ಕಡಲತೀರಗಳಲ್ಲಿ ಜೀವರಕ್ಷಕರು ಇರುವ ಭಾಗದಲ್ಲಿ ಮಾತ್ರ ಸೊಂಟದವರೆಗೆ ಇಳಿಯಿರಿ. ಸುಳಿ ಎಳೆದರೆ ದಡದ ಕಡೆ ನೇರ ಹೊಡೆದಾಡಬೇಡಿ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು ಆಮೇಲೆ ತಿರುಗಿ.

ಊರಿಗೆ ಮರಳಿದ ಮೇಲೂ ಎರಡು ವಾರ ಮೈಮೇಲೆ ಗಮನವಿರಲಿ. ಉಣ್ಣೆ ಕಚ್ಚಿದ ಮೂರರಿಂದ ಎಂಟು ದಿನದೊಳಗೆ ದಿಢೀರ್ ಜ್ವರ, ತೀವ್ರ ತಲೆನೋವು, ಮೈಕೈ ನೋವು ಬಂದರೆ ಅಂಗಡಿಯ ಮಾತ್ರೆ ನುಂಗಿ ಮಲಗದೆ ಆಸ್ಪತ್ರೆಗೆ ಹೋಗಿ, "ಸಿದ್ದಾಪುರ, ಶಿರಸಿ ಕಾಡಿಗೆ ಹೋಗಿ ಬಂದಿದ್ದೇನೆ" ಎಂದು ಮೊದಲ ಮಾತಿನಲ್ಲೇ ಹೇಳಿ. ಬೆಂಗಳೂರಿನ ವೈದ್ಯರಿಗೆ ಡೆಂಗಿ ಮೊದಲು ನೆನಪಾಗುತ್ತದೆ, ಮಂಗನ ಕಾಯಿಲೆಯ ರಕ್ತಪರೀಕ್ಷೆಯನ್ನು ನೀವೇ ಕೇಳಬೇಕಾಗಬಹುದು.